ಡೀಸೆಲ್ ಇಂಜಿನ್ ಕಟ್ಟುವ ಮುಂಚೆ ಅದರ ಮೇಲಿನ ಗುರುತು ಓದಿ

ಇಂಜಿನ್ ಬಿಚ್ಚಿದ ದಿನ ಎಲ್ಲರ ಕಣ್ಣೂ ಸವೆದ ಜಾಗದ ಮೇಲೇ ಇರುತ್ತದೆ. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ತೂತು) ಎಷ್ಟು ತಿಂದಿದೆ, ಬೇರಿಂಗ್‌ನಲ್ಲಿ ತಾಮ್ರ ಕಾಣುತ್ತಿದೆಯಾ, ರಿಂಗ್ ಮುರಿದಿದೆಯಾ ಅಂತ. ಅದನ್ನೂ ನೋಡಲೇಬೇಕು. ಆದರೆ ನಾನು ಮೊದಲು ಕೈಗೆ ತೆಗೆದುಕೊಳ್ಳುವುದು ಟಾರ್ಚ್, ಸೀಮೆಸುಣ್ಣ ಮತ್ತು ಒಂದು ನೋಟ್‌ಬುಕ್. ಫ್ಯಾಕ್ಟರಿಯವರು ಆ ಇಂಜಿನ್ ಮೇಲೆ ಏನು ಒತ್ತಿದ್ದಾರೆ, ಏನು ಕೊರೆದಿದ್ದಾರೆ, ಎಲ್ಲಿ ಬಣ್ಣದ ಚುಕ್ಕೆ ಇಟ್ಟಿದ್ದಾರೆ ಎಂದು ಓದಿ ಬರೆದುಕೊಂಡ ಮೇಲೇ ಉಳಿದ ಕೆಲಸ.

ನಮ್ಮದು ದಾವಣಗೆರೆ ಕಡೆಯ ಇಂಜಿನ್ ಕೆಲಸದ ಶಾಪು. ಹರಿಹರದಲ್ಲಿ ತಯಾರಾದ ಮೈಸೂರು ಕಿರ್ಲೋಸ್ಕರ್ ಲೇತ್ ಇನ್ನೂ ನಮ್ಮಲ್ಲಿ ದುಡಿಯುತ್ತಿದೆ. ಬರುವುದು ಹೆಚ್ಚಾಗಿ ಟಾಟಾ 407, ಟ್ರ್ಯಾಕ್ಟರ್, ಕಿರ್ಲೋಸ್ಕರ್ ಪಂಪ್‌ಸೆಟ್, ಇನೋವಾ, ಡಸ್ಟರ್. ಹಳೆಯದಿರಲಿ ಹೊಸದಿರಲಿ, ಒಂದು ಮಾತು ಎಲ್ಲದಕ್ಕೂ ಸಲ್ಲುತ್ತದೆ. ಗುರುತು ಎನ್ನುವುದು ಇಂಜಿನ್ ಫ್ಯಾಕ್ಟರಿ ಬಿಟ್ಟ ದಿನ ಹೇಗಿತ್ತು ಎಂಬುದರ ದಾಖಲೆ. ಇವತ್ತು ಹೇಗಿದೆ ಎನ್ನುವುದನ್ನು ಮೈಕ್ರೋಮೀಟರ್ ಹೇಳಬೇಕು. ಎರಡೂ ಒಂದೇ ಮಾತು ಹೇಳಿದರೆ ಧೈರ್ಯವಾಗಿ ಮುಂದೆ ಹೋಗಿ. ಬೇರೆ ಬೇರೆ ಹೇಳಿದರೆ ಮಧ್ಯೆ ಯಾರೋ ಕೈ ಹಾಕಿದ್ದಾರೆ ಎಂದರ್ಥ. ಆಗ ನಿಂತು ಯೋಚಿಸಿ.

ತೊಳೆಯುವ ಮುಂಚೆಯೇ ನೋಡಿ

ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕಾಸ್ಟಿಕ್ ಟ್ಯಾಂಕ್‌ನಲ್ಲಿ ಬ್ಲಾಕ್, ಕ್ರ್ಯಾಂಕ್ ಕುದಿಸಿದರೆ ಗ್ರೀಸ್ ಜೊತೆಗೆ ಬಣ್ಣವೂ ಹೋಗುತ್ತದೆ. ಹಲವು ಇಂಜಿನ್‌ಗಳಲ್ಲಿ ಬೇರಿಂಗ್ ಗ್ರೇಡನ್ನು ಕ್ರ್ಯಾಂಕ್ ವೆಬ್ (ಕ್ರ್ಯಾಂಕಿನ ಅಡ್ಡ ತೋಳು) ಮೇಲೆ, ಶೆಲ್ (ಅರ್ಧ ಬಳೆಯಂಥ ಬೇರಿಂಗ್ ತುಂಡು) ಅಂಚಿನಲ್ಲಿ ಕೆಂಪು, ನೀಲಿ, ಹಳದಿ ಚುಕ್ಕೆಯಿಂದ ಗುರುತು ಮಾಡಿರುತ್ತಾರೆ. ಆ ಚುಕ್ಕೆ ಒಮ್ಮೆ ಅಳಿಸಿದರೆ ಮತ್ತೆ ಎಲ್ಲಿಂದ ತರುತ್ತೀರಿ? ಅದಕ್ಕೇ ಮೊದಲು ಹಳೆಯ ಬಟ್ಟೆ, ಸ್ವಲ್ಪ ಡೀಸೆಲ್, ಮೆತ್ತನೆ ಬ್ರಷ್. ಅಷ್ಟೇ ಸಾಕು. ಅಂದ ಹಾಗೆ ಪಿಸ್ಟನ್, ಅಲ್ಯೂಮಿನಿಯಂ ಹೆಡ್ ಯಾವುದನ್ನೂ ಕಾಸ್ಟಿಕ್‌ಗೆ ಹಾಕಲೇಬೇಡಿ. ಅಲ್ಯೂಮಿನಿಯಂ ಅದರಲ್ಲಿ ಕರಗುತ್ತದೆ.

ಕಣ್ಣಿಗೆ ಕಾಣದ ಗುರುತು ಕಾಣಿಸಲು ಸುಲಭ ದಾರಿ ಇದೆ. ಟಾರ್ಚನ್ನು ನೇರವಾಗಿ ಹಿಡಿಯಬೇಡಿ. ಲೋಹಕ್ಕೆ ಹೆಚ್ಚು ಕಡಿಮೆ ತಾಗುವ ಹಾಗೆ ಪಕ್ಕದಿಂದ ಹಿಡಿಯಿರಿ. ತಗ್ಗಿನಲ್ಲಿ ನೆರಳು ಬಿದ್ದು ಅಂಕೆ ಎದ್ದು ಕಾಣುತ್ತದೆ. ಆಮೇಲೆ ಸೀಮೆಸುಣ್ಣ ಅಡ್ಡ ಉಜ್ಜಿ ಬೆರಳಿನಿಂದ ಒರೆಸಿ. ತಗ್ಗಿನೊಳಗೆ ಬಿಳಿ ಉಳಿಯುತ್ತದೆ. ಹಾಗೇ ಮೊಬೈಲ್‌ನಲ್ಲಿ ಒಂದು ಫೋಟೋ. ಪಿಸ್ಟನ್ ನೆತ್ತಿಯ ಮೇಲೆ ಗಟ್ಟಿ ಮಸಿ ಕೂತಿದ್ದರೆ ವೈರ್ ಬ್ರಷ್, ಎಮರಿ ಪೇಪರ್ ಬೇಡ. ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟು ಬೆಳಿಗ್ಗೆ ಮರದ ಚಕ್ಕೆಯಿಂದ ಕೆರೆಯಿರಿ. ಲೇಸರ್‌ನಿಂದ ಬರೆದ ಗುರುತು ತೀರಾ ತೆಳು. ಎಮರಿ ಎರಡು ಸಲ ಓಡಾಡಿದರೆ ಸಾಕು, ಮಾಯ.

ಫ್ಯಾಕ್ಟರಿ ಗುರುತು ಯಾವುದು, ಹಿಂದಿನ ಮೇಸ್ತ್ರಿಯ ಗುರುತು ಯಾವುದು ಎಂದು ಗುರುತಿಸುವ ಅಭ್ಯಾಸ ಮಾಡಿಕೊಳ್ಳಿ. ಫ್ಯಾಕ್ಟರಿಯ ಅಕ್ಷರ ಸಾಲಾಗಿ, ಒಂದೇ ಆಳಕ್ಕೆ, ಎಲ್ಲ ಭಾಗದಲ್ಲೂ ಒಂದೇ ಜಾಗದಲ್ಲಿ ಇರುತ್ತದೆ. ಈಚಿನ ಇಂಜಿನ್‌ಗಳಲ್ಲಿ ಸಣ್ಣ ಸಣ್ಣ ಚುಕ್ಕೆ ಸೇರಿಸಿ ಅಕ್ಷರ ಮಾಡಿರುತ್ತಾರೆ. ಕೈಯಿಂದ ಪಂಚ್ ಹೊಡೆದದ್ದು ಸ್ವಲ್ಪ ವಾಲಿರುತ್ತದೆ, ಒಂದು ಅಂಕೆ ಆಳ, ಇನ್ನೊಂದು ಮೇಲೆ ಮೇಲೆ. ಎರಡೂ ಉಪಯೋಗದ ಮಾಹಿತಿಯೇ. ಕೈ ಗುರುತು ಕಂಡರೆ ಈ ಇಂಜಿನ್ ಮೊದಲೇ ಒಮ್ಮೆ ಕೆಲಸ ಕಂಡಿದೆ ಎಂದು ಗೊತ್ತಾಯಿತಲ್ಲ.

ಹೆಸರಿನಲ್ಲೇ ಅಳತೆ

ನಮ್ಮ ಹಳೆಯ ಟಾಟಾ ಇಂಜಿನ್‌ಗಳ ಹೆಸರೇ ಒಂದು ಗುರುತು. ದಿನಾ ಬಾಯಲ್ಲಿ ಹೇಳುತ್ತೇವೆ, ಆದರೆ ಎಷ್ಟೋ ಹುಡುಗರಿಗೆ ಅದರ ಅರ್ಥ ಗೊತ್ತಿರುವುದಿಲ್ಲ. 407 ಗಾಡಿ ಬಂದದ್ದು 1986ರಲ್ಲಿ. ಅದರಲ್ಲಿ ಹೆಸರು ಮಾಡಿದ ಇಂಜಿನ್ 497. ಮೊದಲ 4 ಅಂದರೆ ನಾಲ್ಕು ಸಿಲಿಂಡರ್. 97 ಅಂದರೆ ಬೋರ್ 97 ಮಿ.ಮೀ. ಲಾರಿಯ 697 ಅಂದರೆ ಆರು ಸಿಲಿಂಡರ್, ಅದೇ 97 ಬೋರ್. ಅದಕ್ಕೂ ಹಳೆಯ 692ಕ್ಕೆ 92 ಬೋರ್. ಸುಮೋದ 483ಕ್ಕೆ 83, ಇಂಡಿಕಾದ 475ಕ್ಕೆ 75.

ನಂಬಿಕೆ ಬರದಿದ್ದರೆ ಲೆಕ್ಕ ಹಾಕಿ ನೋಡಿ. ಬೋರ್ ಇಂಟು ಬೋರ್, ಇಂಟು 0.7854, ಇಂಟು ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ), ಇಂಟು ಸಿಲಿಂಡರ್. ಸಿಸಿ ಬರಲು ಕೊನೆಗೆ ಸಾವಿರದಿಂದ ಭಾಗಿಸಿ. 497ಕ್ಕೆ ಸ್ಟ್ರೋಕ್ 100 ಮಿ.ಮೀ. ಲೆಕ್ಕ 2956 ಸಿಸಿಗೆ ಬರುತ್ತದೆ. ಪುಸ್ತಕದಲ್ಲಿರುವುದೂ ಅದೇ. 697ಕ್ಕೆ ಸ್ಟ್ರೋಕ್ 128, ಲೆಕ್ಕ 5675 ಸಿಸಿ. ಮರ್ಸಿಡಿಸ್‌ನ ಓಎಂ 352 ಇಂಜಿನ್‌ಗೂ ಇದೇ ಬೋರ್, ಇದೇ ಸ್ಟ್ರೋಕ್. 1954ರಲ್ಲಿ ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) ಮರ್ಸಿಡಿಸ್ ಮಾಡುವ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿದ್ದರ ಬೇರು ಅದು.

ಇದರಿಂದ ನಿಮಗೇನು ಲಾಭ? 497 ಬ್ಲಾಕಿನ ಬೋರ್ ಅಳೆದಾಗ ಸವೆಯದ ಮೇಲಂಚಿನಲ್ಲಿ 97.50 ಬಂದರೆ ಯಾರೋ ಓವರ್‌ಸೈಜ್ ಬೋರ್ ಮಾಡಿದ್ದಾರೆ ಎಂದು ತಕ್ಷಣ ತಿಳಿಯುತ್ತದೆ. 97 ಬಂದು, ಮೇಲೆ ಸ್ಲೀವಿನ (ಬೋರ್ ಒಳಗೆ ಒತ್ತಿ ಕೂರಿಸುವ ಕೊಳವೆಯ) ಗೆರೆ ಕಂಡರೆ ಸ್ಲೀವ್ ಹಾಕಿ ಸ್ಟ್ಯಾಂಡರ್ಡ್‌ಗೆ ತಂದಿದ್ದಾರೆ.

ಪರ್ಕಿನ್ಸ್‌ನವರ ಲೆಕ್ಕ ಬೇರೆ. 4.236 ಅಂದರೆ ನಾಲ್ಕು ಸಿಲಿಂಡರ್, 236 ಘನ ಇಂಚು. 3.152 ಅಂದರೆ ಮೂರು ಸಿಲಿಂಡರ್, 152 ಘನ ಇಂಚು. ಅವರ ಇಂಜಿನ್ ನಂಬರ್ ಉದ್ದ ಇರುತ್ತದೆ. ಮೊದಲ ಎರಡು ಅಕ್ಷರ ಯಾವ ಜಾತಿಯ ಇಂಜಿನ್ ಎಂದು ಹೇಳುತ್ತವೆ. ಎಲ್‌ಡಿ ಇದ್ದರೆ ಅದು 4.236. ಅದರ ಹಿಂದೆ ಬರುವ ಅಂಕೆಗಳು ಬಿಲ್ಡ್ ಲಿಸ್ಟ್, ಅಂದರೆ ಒಳಗೆ ಯಾವ ಯಾವ ಭಾಗ ಹಾಕಿದ್ದಾರೆ ಎಂಬ ಪಟ್ಟಿಯ ನಂಬರ್. ಬಿಡಿಭಾಗ ತರುವಾಗ ಇಡೀ ನಂಬರ್ ಕೊಡಿ, ಬರೀ ಸೀರಿಯಲ್ ಅಲ್ಲ. ಒಂದೇ 4.236 ಟ್ರ್ಯಾಕ್ಟರ್‌ಗೂ ಹೋಗಿದೆ, ಬೇರೆ ಯಂತ್ರಗಳಿಗೂ ಹೋಗಿದೆ. ಒಳಗಿನ ಭಾಗ ಎಲ್ಲದರಲ್ಲೂ ಒಂದೇ ಅಲ್ಲ.

ಕಮಿನ್ಸ್ ಇಂಜಿನ್ ಆದರೆ ಪ್ಲೇಟ್ ಮೇಲೆ ಸಿಪಿಎಲ್ ಎಂಬ ನಂಬರ್ ಹುಡುಕಿ. ಯಾವ ಪಿಸ್ಟನ್, ಯಾವ ಕ್ಯಾಮ್, ಯಾವ ಪಂಪು, ಯಾವ ಟರ್ಬೊ ಎಂಬುದೆಲ್ಲ ಆ ಒಂದು ನಂಬರ್ ಮೇಲೆ ನಿಂತಿದೆ. ಕಮಿನ್ಸ್‌ನ 6ಬಿಟಿ ಮಾದರಿಯ ಇಂಜಿನ್ ಎಲ್ಲವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಸಿಪಿಎಲ್ ನೋಡದೆ ಪಿಸ್ಟನ್ ಸೆಟ್ ತಂದರೆ ನೆತ್ತಿಯ ಬಟ್ಟಲು ಬೇರೆ ಆಕಾರದ್ದು ಬಂದು ಕೂರಬಹುದು. ಇಂಜಿನ್ ಓಡುತ್ತದೆ, ಹೊಗೆಯೂ ಬಿಡುತ್ತದೆ, ಕಾರಣ ಹುಡುಕುತ್ತಾ ಕೂರುವವರು ನೀವು.

ಎರಕದಲ್ಲೇ ಉಬ್ಬಿ ಬಂದಿರುವ ನಂಬರ್ ಕಾಸ್ಟಿಂಗ್ ನಂಬರ್. ಅದು ಪಾರ್ಟ್ ನಂಬರ್ ಅಲ್ಲ. ಒಂದೇ ಎರಕವನ್ನು ಬೇರೆ ಬೇರೆ ರೀತಿ ಮೆಷಿನ್ ಮಾಡಿ ಬೇರೆ ಬೇರೆ ಪಾರ್ಟ್ ಮಾಡುತ್ತಾರೆ. ಅಂಗಡಿಯಲ್ಲಿ ಕಾಸ್ಟಿಂಗ್ ನಂಬರ್ ಹೇಳಿ ಹೆಡ್ ತಂದರೆ ತಪ್ಪು ಹೆಡ್ ಬರುವ ಸಾಧ್ಯತೆ ಜಾಸ್ತಿ. ಹಾಗಂತ ಅದು ದಂಡ ಅಲ್ಲ. ಅಮೆರಿಕದ ಡಾಡ್ಜ್ ಪಿಕಪ್‌ಗಳಿಗೆ 1999ರಿಂದ 2001ರ ಆಸುಪಾಸಿನಲ್ಲಿ ಹೋದ ಕಮಿನ್ಸ್ ಬ್ಲಾಕ್‌ಗಳಲ್ಲಿ ಪಕ್ಕದಲ್ಲಿ 53 ಎಂದು ಉಬ್ಬಿರುವವು ಇವೆ. ಅವುಗಳ ವಾಟರ್ ಜಾಕೆಟ್ ಗೋಡೆ ತೆಳು, ಅಲ್ಲೇ ಸೀಳುತ್ತವೆ. ಅಲ್ಲಿಯ ಮೆಕ್ಯಾನಿಕ್‌ಗಳು ಬ್ಲಾಕ್ ಕೊಳ್ಳುವಾಗ ಮೊದಲು ನೋಡುವುದೇ ಆ ಎರಡು ಅಂಕೆಯನ್ನು.

ಇನ್ನು ಬ್ಲಾಕಿನ ಇಂಜಿನ್ ನಂಬರ್. ಅದು ಆರ್‌ಸಿ ಬುಕ್ಕಿನಲ್ಲಿ ಇರುವ ನಂಬರ್. ಅದನ್ನು ಉಜ್ಜಬಾರದು, ಮೇಲೆ ಪಂಚ್ ಹೊಡೆಯಬಾರದು. ಕೆಲವು ಇಂಜಿನ್‌ಗಳಲ್ಲಿ ಆ ಪಟ್ಟಿ ಬ್ಲಾಕಿನ ಮೇಲ್ಮುಖದ ಅಂಚಿನಲ್ಲೇ ಇರುತ್ತದೆ. ಬ್ಲಾಕ್ ಫೇಸಿಂಗ್‌ಗೆ (ಮೇಲ್ಮುಖ ಕೆತ್ತಿ ಮಟ್ಟ ಮಾಡಲು) ಕೊಡುವಾಗ ಆಪರೇಟರ್‌ಗೆ ಬಾಯಿ ಬಿಟ್ಟು ಹೇಳಿ, ಪೇಂಟಿನಿಂದ ಸುತ್ತು ಹಾಕಿ ತೋರಿಸಿ. ಬ್ಲಾಕ್ ಬದಲಾಯಿಸುವುದೇ ಆದರೆ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಇದೆ, ಆರ್‌ಟಿಒದಲ್ಲಿ ದಾಖಲಾಗಬೇಕು. ಗಿರಾಕಿಗೆ ಮುಂಚೆಯೇ ತಿಳಿಸಿಬಿಡಿ.

ಕನ್‌ರಾಡ್ ಮತ್ತು ಕ್ಯಾಪ್

ಎಲ್ಲಕ್ಕಿಂತ ಜಾಸ್ತಿ ಹೊತ್ತು ನಾನು ಕಳೆಯುವುದು ಇಲ್ಲಿ.

ಕನ್‌ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ದಂಡ) ಮತ್ತು ಅದರ ಕ್ಯಾಪನ್ನು ಒಟ್ಟಿಗೆ ಬಿಗಿದು, ಆಮೇಲೆ ಒಂದೇ ತೂತಾಗಿ ಬೋರ್ ಮಾಡಿರುತ್ತಾರೆ. ಆ ಕ್ಯಾಪ್ ಆ ರಾಡಿಗೆ ಮಾತ್ರ. ಅದೂ ಒಂದೇ ದಿಕ್ಕಿನಲ್ಲಿ ಮಾತ್ರ. ಅದಕ್ಕೇ ಜೋಡಣೆಯ ಗೆರೆಯ ಎರಡೂ ಕಡೆ ಒಂದೇ ಅಂಕೆ ಒತ್ತಿರುತ್ತಾರೆ. ಕೂಡಿಸುವಾಗ ಎರಡೂ ಅಂಕೆ ಒಂದೇ ಪಕ್ಕಕ್ಕೆ ಬರಬೇಕು. ಅಂಕೆ ಒಂದೇ ಇದ್ದು ಕ್ಯಾಪ್ ತಿರುಗಿ ಕೂತಿದ್ದರೂ ಬೋರ್ ದುಂಡಗೆ ಇರುವುದಿಲ್ಲ. ಬೇರಿಂಗ್ ಒಂದು ಕಡೆ ಹಿಡಿಯುತ್ತದೆ.

ಈಗ ಆ ಅಂಕೆ ಏನು ಹೇಳುತ್ತದೆ? ಕೆಲವರದು ಸಿಲಿಂಡರ್ ನಂಬರ್. 1, 2, 3, 4. ಕೆಲವರದು ಬರೀ ಜೋಡಿ ನಂಬರ್. ರಾಡ್ ಮೇಲೆ 47, ಕ್ಯಾಪ್ ಮೇಲೆ 47. ಅದು ಎಷ್ಟನೇ ಸಿಲಿಂಡರಿನದು ಎಂದು ಆ 47 ಹೇಳುವುದಿಲ್ಲ. ಆದ್ದರಿಂದ ಬಿಚ್ಚುವ ಮುಂಚೆ ಬರೆದುಕೊಳ್ಳಿ: ಒಂದನೇ ಸಿಲಿಂಡರ್, ನಂಬರ್ 47, ಅಂಕೆ ಕ್ಯಾಮ್ ಕಡೆ. ಹೀಗೆ ನಾಲ್ಕೂ. ಪಕ್ಕದಲ್ಲಿ ಒಂದು ಒಂಟಿ ಅಕ್ಷರ ಇದ್ದರೆ ಅದು ಹೆಚ್ಚಾಗಿ ತೂಕದ ಗ್ರೇಡ್. ಒಂದು ರಾಡ್ ಬದಲಿಸಬೇಕಾದರೆ ಅದೇ ಅಕ್ಷರದ್ದು ತನ್ನಿ. ಸಿಗದಿದ್ದರೆ ಸೆಟ್ಟಿನ ಉಳಿದ ರಾಡ್‌ಗಳ ಜೊತೆ ತಕ್ಕಡಿಯಲ್ಲಿಟ್ಟು ತೂಗಿ.

ಒಂದನೇ ಸಿಲಿಂಡರ್ ಎಂದರೆ ಫ್ಯಾನ್ ಕಡೆಯದು ಎಂದು ನಮ್ಮಲ್ಲಿ ಎಲ್ಲರೂ ಎಣಿಸುತ್ತೇವೆ. ಟಾಟಾ, ಕಮಿನ್ಸ್, ಪರ್ಕಿನ್ಸ್, ಟೊಯೊಟಾಕ್ಕೆ ಅದು ಸರಿ. ಡಸ್ಟರ್, ಲೋಗನ್, ವೆರಿಟೊದಲ್ಲಿ ಬರುವ ರೆನೊ 1.5 ಡಿಸಿಐ ಇಂಜಿನ್‌ನಲ್ಲಿ ಎಣಿಕೆ ಶುರುವಾಗುವುದೇ ಫ್ಲೈವೀಲ್ ಕಡೆಯಿಂದ. ಫ್ರೆಂಚ್ ಇಂಜಿನ್ ಕೈಗೆ ಬಂದಾಗ ಇದನ್ನು ತಲೆಯಲ್ಲಿಟ್ಟುಕೊಳ್ಳಿ. ಇಲ್ಲವಾದರೆ ನಿಮ್ಮ ನೋಟ್‌ಬುಕ್ ಪೂರ್ತಿ ತಲೆಕೆಳಗಾಗುತ್ತದೆ.

ರಾಡ್ ಮೇಲೆ ಅಂಕೆಯೇ ಇಲ್ಲದಿದ್ದರೆ? ನಮ್ಮಲ್ಲಿ ರೂಢಿ ಎಂದರೆ ಸೆಂಟರ್ ಪಂಚ್ ತೆಗೆದು ಒಂದು ಚುಕ್ಕೆ, ಎರಡು ಚುಕ್ಕೆ ಹೊಡೆಯುವುದು. ದಯವಿಟ್ಟು ಬೇಡ. ಹೊರಗಿನಿಂದ ನಮ್ಮಲ್ಲಿಗೆ ಬಂದ ಒಂದು ರಾಡ್ ನೋಡಿದ್ದೇನೆ. ಯಾರೋ ನಡುಭಾಗದ ಮೇಲೆ ಉಳಿಯಿಂದ ಮೂರು ಗೀಟು ಹಾಕಿದ್ದರು. ಕ್ರ್ಯಾಕ್ ಟೆಸ್ಟ್ ಮಾಡಿದಾಗ ಮಧ್ಯದ ಗೀಟಿನಿಂದಲೇ ಕೂದಲಿನಂಥ ಬಿರುಕು ಹೊರಟಿತ್ತು. ಪ್ರತಿ ಸುತ್ತಿಗೂ ಎಳೆತ, ಒತ್ತಡ ತಿನ್ನುವ ಭಾಗ ಅದು. ಸಣ್ಣ ಕಚ್ಚು ಸಿಕ್ಕರೆ ಸಾಕು, ಬಿರುಕು ಅಲ್ಲಿಂದಲೇ ಶುರು. ಗುರುತು ಮಾಡಲೇಬೇಕಿದ್ದರೆ ಬಿಗ್ ಎಂಡಿನ (ಕ್ರ್ಯಾಂಕಿಗೆ ಕೂರುವ ದೊಡ್ಡ ತುದಿಯ) ಪಕ್ಕದ ದಪ್ಪ ಜಾಗದಲ್ಲಿ ಎಲೆಕ್ಟ್ರಿಕ್ ಎನ್‌ಗ್ರೇವರ್‌ನಿಂದ ಮೇಲೆ ಮೇಲೆ ಬರೆಯಿರಿ. ಇಲ್ಲವೇ ಪೇಂಟ್ ಮಾರ್ಕರ್ ಸಾಕು.

ಈಚಿನ ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ) ಇಂಜಿನ್‌ಗಳಲ್ಲಿ ಇನ್ನೊಂದು ಬಗೆಯ ರಾಡ್ ಬರುತ್ತದೆ. ಬಿಗ್ ಎಂಡನ್ನು ಇಡಿಯಾಗಿ ಮಾಡಿ, ಆಮೇಲೆ ಬೇಕೆಂದೇ ಒಡೆದು ಎರಡು ಮಾಡಿರುತ್ತಾರೆ. ಜೋಡಣೆಯ ಮುಖ ಒರಟಾಗಿ, ಮುರಿದ ಕಲ್ಲಿನ ಹಾಗೆ ಇರುತ್ತದೆ. ಆ ಒರಟು ಮುಖವೇ ಅದರ ಗುರುತು, ಲೋಕದಲ್ಲಿ ಬೇರೆ ಯಾವ ಕ್ಯಾಪೂ ಅಲ್ಲಿ ಕೂರದು. ಆ ಮುಖಕ್ಕೆ ಫೈಲ್ ತಾಗಿಸಬೇಡಿ, ಟೇಬಲ್ ಮೇಲೆ ಅದರ ಮೇಲೆಯೇ ನಿಲ್ಲಿಸಬೇಡಿ. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಬೋರ್ ಕೆಡುತ್ತದೆ.

ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಮೇನ್ ಕ್ಯಾಪ್‌ಗಳಿಗೂ ಇದೇ ನಿಯಮ. ನಂಬರ್ ಇರುತ್ತದೆ, ಹಲವದರಲ್ಲಿ ಬಾಣವೂ ಇರುತ್ತದೆ. ಬಾಣ ಮುಂದಕ್ಕೆ.

ಬೇರಿಂಗಿನ ಬೆನ್ನು

ಹಳೆಯ ಶೆಲ್ ಎಸೆಯುವ ಮುಂಚೆ ಬೆನ್ನು ತಿರುಗಿಸಿ ನೋಡಿ. ಎಸ್‌ಟಿಡಿ (ಸ್ಟ್ಯಾಂಡರ್ಡ್) ಎಂದು ಇರಬಹುದು. 0.25, 0.50, 0.75 ಎಂದು ಇರಬಹುದು. 010, 020, 030 ಎಂದೂ ಇರಬಹುದು. ಮೊದಲನೆಯ ಸಾಲು ಮಿಲಿಮೀಟರ್, ಎರಡನೆಯದು ಥೌ, ಅಂದರೆ ಇಂಚಿನ ಸಾವಿರದ ಒಂದು ಭಾಗ. 010 ಅಂದರೆ ಹತ್ತು ಥೌ, 0.254 ಮಿ.ಮೀ. ಅದನ್ನು 0.10 ಮಿ.ಮೀ. ಎಂದು ಓದಿ ಗ್ರೈಂಡಿಂಗ್‌ಗೆ ಹೇಳಿಬಿಟ್ಟರೆ ಕ್ರ್ಯಾಂಕ್ ಮತ್ತು ಬೇರಿಂಗ್ ಒಂದಕ್ಕೊಂದು ಹೊಂದುವುದೇ ಇಲ್ಲ.

ಇನ್ನೊಂದು ವಿಷಯ. ಶೆಲ್ ಮೇಲಿನ 0.25 ಅಂದರೆ ಶೆಲ್ 0.25 ದಪ್ಪ ಎಂದಲ್ಲ. ಕ್ರ್ಯಾಂಕ್ ಜರ್ನಲಿನ (ಬೇರಿಂಗ್ ಒಳಗೆ ತಿರುಗುವ ದುಂಡು ಭಾಗದ) ವ್ಯಾಸ 0.25 ಕಡಿಮೆ ಆಗಿದೆ ಎಂದು. ಎರಡು ಶೆಲ್ ಸೇರಿ ಅದನ್ನು ತುಂಬುತ್ತವೆ. ಹಾಗಾಗಿ ಒಂದೊಂದು ಶೆಲ್ ಸ್ಟ್ಯಾಂಡರ್ಡ್‌ಗಿಂತ 0.125 ಮಾತ್ರ ದಪ್ಪ. ಡಬ್ಬಿಯ ಮೇಲಿನ ಚೀಟಿ ನಂಬದೆ ಬಾಲ್ ಮೈಕ್ರೋಮೀಟರ್‌ನಿಂದ ಅಳೆಯುವವರಿಗೆ ಈ ಲೆಕ್ಕ ಗೊತ್ತಿರಬೇಕು. ನಾನು ಪ್ರತಿ ಸೆಟ್ಟಿನಲ್ಲೂ ಅಳೆಯುತ್ತೇನೆ. ಡಬ್ಬಿ ಒಂದು, ಒಳಗಿನ ಮಾಲು ಇನ್ನೊಂದು ಆಗುವುದು ಅಪರೂಪವೇನಲ್ಲ.

ಕೆಲವು ಸೆಟ್ಟಿನಲ್ಲಿ ಒಂದು ಶೆಲ್ ಬೆನ್ನಿನ ಮೇಲೆ ಸ್ಪಟರ್ ಎಂದು ಬರೆದಿರುತ್ತದೆ. ಜಾಸ್ತಿ ಹೊರೆ ತಡೆಯುವ ಗಟ್ಟಿ ಪದರದ ಶೆಲ್ ಅದು. ಬೆಂಕಿ ಹತ್ತಿದಾಗ ಪಿಸ್ಟನ್ ರಾಡನ್ನು ಕೆಳಕ್ಕೆ ತಳ್ಳುತ್ತದೆ, ಕ್ರ್ಯಾಂಕ್ ಮೇನ್ ಕ್ಯಾಪನ್ನು ಕೆಳಕ್ಕೆ ಒತ್ತುತ್ತದೆ. ಹೊರೆ ಬೀಳುವುದು ಬಿಗ್ ಎಂಡಿನಲ್ಲಿ ಮೇಲಿನ ಶೆಲ್ ಮೇಲೆ, ಮೇನಿನಲ್ಲಿ ಕೆಳಗಿನ ಶೆಲ್ ಮೇಲೆ. ಆದ್ದರಿಂದ ಸ್ಪಟರ್ ಶೆಲ್ ಬಿಗ್ ಎಂಡಿನಲ್ಲಿ ರಾಡ್ ಕಡೆಗೆ, ಮೇನಿನಲ್ಲಿ ಕ್ಯಾಪ್ ಕಡೆಗೆ. ಅದಲು ಬದಲು ಕೂರಿಸಿದರೆ ಏನೂ ಸದ್ದಾಗುವುದಿಲ್ಲ, ಇಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಆಯಸ್ಸು ಕಡಿಮೆ.

ಬಣ್ಣ ಮತ್ತು ಅಂಕೆಯ ಗ್ರೇಡ್ ವಿಷಯಕ್ಕೆ ಬರೋಣ. ಫ್ಯಾಕ್ಟರಿಯಲ್ಲಿ ಎಲ್ಲ ಜರ್ನಲೂ ಮೈಕ್ರಾನ್ ಲೆಕ್ಕದಲ್ಲಿ ಒಂದೇ ಅಳತೆಗೆ ಬರುವುದಿಲ್ಲ. ಬಂದದ್ದನ್ನು ಅಳೆದು, ಗುಂಪು ಮಾಡಿ, ತಕ್ಕ ದಪ್ಪದ ಶೆಲ್ ಹಾಕುತ್ತಾರೆ. ಟೊಯೊಟಾದ ಹಲವು ಇಂಜಿನ್‌ಗಳಲ್ಲಿ ಬ್ಲಾಕ್ ಮೇಲೆ ಪ್ರತಿ ಮೇನ್‌ಗೆ ಒಂದು ಅಂಕೆ, ಕ್ರ್ಯಾಂಕ್ ಮೇಲೆ ಒಂದು ಅಂಕೆ ಇರುತ್ತದೆ. ಎರಡನ್ನೂ ಕೂಡಿಸಿ, ಮ್ಯಾನ್ಯುಯಲ್‌ನ ಕೋಷ್ಟಕ ನೋಡಿದರೆ ಶೆಲ್ ನಂಬರ್ ಸಿಗುತ್ತದೆ. ಬಿಡದಿಯಲ್ಲಿ ತಯಾರಾಗುವ ಗಾಡಿ ನಮ್ಮ ರಸ್ತೆ ತುಂಬಾ ಓಡುತ್ತಿವೆ, ಈ ಲೆಕ್ಕ ಕಲಿತಿದ್ದರೆ ಒಳ್ಳೆಯದು.

ಇಲ್ಲೇ ಎಚ್ಚರ ಬೇಕು. ಕ್ರ್ಯಾಂಕನ್ನು ಒಮ್ಮೆ ಗ್ರೈಂಡ್ ಮಾಡಿದ ಮೇಲೆ ಕ್ರ್ಯಾಂಕ್ ಮೇಲಿನ ಗ್ರೇಡ್ ಅಂಕೆ, ಬಣ್ಣದ ಚುಕ್ಕೆ ಎರಡಕ್ಕೂ ಅರ್ಥ ಉಳಿಯುವುದಿಲ್ಲ. ಆ ಜರ್ನಲ್ ಈಗ ಇಲ್ಲವೇ ಇಲ್ಲ. ಬ್ಲಾಕ್ ಮೇಲಿನ ಅಂಕೆ ಮಾತ್ರ ಲೈನ್ ಬೋರಿಂಗ್ (ಮೇನ್ ತೂತುಗಳನ್ನು ಒಂದೇ ಸಾಲಿಗೆ ಮತ್ತೆ ಕೊರೆಯುವುದು) ಆಗುವವರೆಗೂ ನಿಜ. ಹಳೆಯ ಬಣ್ಣ ನೋಡಿ ಹೊಸ ಶೆಲ್ ತರಬೇಡಿ. ಗ್ರೈಂಡ್ ಆದ ಕ್ರ್ಯಾಂಕಿಗೆ ಅಳತೆ ಮಾತ್ರ ಸಾಕ್ಷಿ. ಹಿಂದೆ ಗ್ರೈಂಡ್ ಮಾಡಿದವರು ಒಳ್ಳೆಯವರಾಗಿದ್ದರೆ ಮುಂದಿನ ವೆಬ್ ಮೇಲೆ ಸೈಜ್ ಬರೆದಿರುತ್ತಾರೆ. ಹುಡುಕಿ.

ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರಿಗೆ ಅಕ್ಷರ ಬೇಕಿಲ್ಲ. ಎಣ್ಣೆ ಹರಿಯುವ ತೋಡು (ಗ್ರೂವ್) ಇರುವ ಮುಖ ಕ್ರ್ಯಾಂಕ್ ಕಡೆ, ನುಣ್ಣನೆ ಬೆನ್ನು ಬ್ಲಾಕ್ ಕಡೆ.

ಪಿಸ್ಟನ್ನು, ರಿಂಗು

ನೆತ್ತಿಯ ಮೇಲೆ ಬಾಣ ಇದ್ದರೆ ಅದು ಹೆಚ್ಚಾಗಿ ಇಂಜಿನ್ನಿನ ಮುಂಭಾಗ ತೋರಿಸುತ್ತದೆ. ಬಾಣದ ಬದಲು ಕಚ್ಚು ಇರಬಹುದು, ಫ್ರಂಟ್ ಎಂಬ ಪದವೇ ಇರಬಹುದು. ಕೆಲವು ಇಂಜಿನ್‌ಗಳಲ್ಲಿ ಬಾಣ ಕ್ಯಾಮ್ ಕಡೆಗೋ ಫ್ಲೈವೀಲ್ ಕಡೆಗೋ ಇರುತ್ತದೆ, ಮ್ಯಾನ್ಯುಯಲ್ ನೋಡಿ. ಗಜನ್ ಪಿನ್ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ನಡುವಿನಿಂದ ಕೂದಲೆಳೆ ಪಕ್ಕಕ್ಕೆ ಇರುವುದರಿಂದ, ವಾಲ್ವ್ ಕಚ್ಚುಗಳು ಒಂದೇ ಕಡೆ ಇರುವುದರಿಂದ ದಿಕ್ಕು ಮುಖ್ಯ. ಒಳ್ಳೆಯ ಕಂಪನಿಯ ಪಿಸ್ಟನ್ ನೆತ್ತಿಯಲ್ಲಿ ವ್ಯಾಸ ಮತ್ತು ಕ್ಲಿಯರೆನ್ಸ್ (ಬೋರಿಗೂ ಪಿಸ್ಟನ್ನಿಗೂ ನಡುವಿನ ಸಂದಿ) ಎರಡೂ ಬರೆದಿರುತ್ತವೆ. ಉದಾಹರಣೆಗೆ 96.88 ಮತ್ತು 0.12. ಕೂಡಿಸಿದರೆ 97.00, ಅದೇ ಬೋರ್ ಮಾಡಬೇಕಾದ ಅಳತೆ. ಪಿಸ್ಟನ್ ಕೈಗೆ ಬಂದ ಮೇಲೇ ಬೋರ್ ಮಾಡಿಸಿ ಎಂದು ನಾನು ಗಿರಾಕಿಗಳಿಗೆ ಹೇಳುವುದು ಇದಕ್ಕೇ.

ರಿಂಗ್ ಮೇಲೆ ಟಾಪ್ ಎಂದೋ, ಬರೀ ಟಿ ಎಂದೋ, ಒಂದು ಚುಕ್ಕೆಯೋ ಇರುತ್ತದೆ. ಆ ಮುಖ ಮೇಲಕ್ಕೆ. ಅದನ್ನು ಒಂದನೇ ರಿಂಗ್ ಎಂದು ಓದಬೇಡಿ, ಎರಡನೇ ರಿಂಗ್ ಮೇಲೂ ಟಾಪ್ ಎಂದೇ ಇರುತ್ತದೆ. ಎರಡನೇ ರಿಂಗ್ ತಿರುಗಿದರೆ ಎಣ್ಣೆಯನ್ನು ಕೆಳಗೆ ಕೆರೆಯುವ ಬದಲು ಮೇಲಕ್ಕೆ ಸಾಗಿಸುತ್ತದೆ. ಹೊಸ ಇಂಜಿನ್ ನೀಲಿ ಹೊಗೆ ಬಿಟ್ಟರೆ ನಾನು ಮೊದಲು ಅನುಮಾನ ಪಡುವುದು ಇದನ್ನೇ.

ಹೆಡ್ ಗ್ಯಾಸ್ಕೆಟಿನ ತೂತು

ಡೀಸೆಲ್ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಎಷ್ಟೋ ಸಲ ಬ್ಲಾಕ್ ಮುಖಕ್ಕಿಂತ ಸ್ವಲ್ಪ ಹೊರಗೆ ಚಾಚುತ್ತದೆ. ಎಷ್ಟು ಚಾಚುತ್ತದೆ ಎನ್ನುವುದರ ಮೇಲೆ ಗ್ಯಾಸ್ಕೆಟ್ ದಪ್ಪ. ಆ ದಪ್ಪವನ್ನು ಗ್ಯಾಸ್ಕೆಟ್ ಅಂಚಿನಲ್ಲಿ ಸಣ್ಣ ತೂತು ಅಥವಾ ಕಚ್ಚಿನಿಂದ ಗುರುತು ಮಾಡಿರುತ್ತಾರೆ. ನನಗೆ ಚೆನ್ನಾಗಿ ಗೊತ್ತಿರುವ ಉದಾಹರಣೆ ಸ್ಕೋಡಾ ಒಕ್ಟೇವಿಯಾದ 1.9 ಟಿಡಿಐ. ಚಾಚು 0.91ರಿಂದ 1.00 ಮಿ.ಮೀ. ಇದ್ದರೆ ಒಂದು ತೂತಿನ ಗ್ಯಾಸ್ಕೆಟ್. 1.01ರಿಂದ 1.10 ಇದ್ದರೆ ಎರಡು ತೂತು. 1.11ರಿಂದ 1.20 ಇದ್ದರೆ ಮೂರು.

ಅಳೆಯುವುದು ಹೀಗೆ. ಬ್ಲಾಕ್ ಮುಖ ಚೊಕ್ಕ ಮಾಡಿ. ಡಯಲ್ ಗೇಜ್ ಸ್ಟ್ಯಾಂಡನ್ನು ಬ್ಲಾಕ್ ಮೇಲೆ ಕೂರಿಸಿ, ಮುಳ್ಳನ್ನು ಅಲ್ಲೇ ಸೊನ್ನೆಗೆ ತನ್ನಿ. ಗೇಜನ್ನು ಪಿಸ್ಟನ್ ಮೇಲೆ ಸರಿಸಿ, ಕ್ರ್ಯಾಂಕನ್ನು ನಿಧಾನ ತಿರುಗಿಸಿ. ಮುಳ್ಳು ಏರುತ್ತಾ ಹೋಗಿ ಒಂದು ಕ್ಷಣ ನಿಂತು ಇಳಿಯಲು ಶುರು ಮಾಡುತ್ತದೆ. ನಿಂತ ಜಾಗವೇ ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲಿರುವ ಜಾಗ. ಗೇಜಿನ ತುದಿ ಗಜನ್ ಪಿನ್ನಿನ ನೇರಕ್ಕೆ ಇರಲಿ. ಅಡ್ಡ ಇಟ್ಟರೆ ಪಿಸ್ಟನ್ ವಾಲಿ ಸುಳ್ಳು ಅಳತೆ ಬರುತ್ತದೆ. ಪಿನ್ನಿನ ಎರಡೂ ತುದಿಯ ಮೇಲೆ ನೋಡಿ ಸರಾಸರಿ ತೆಗೆಯಿರಿ. ನಾಲ್ಕೂ ಪಿಸ್ಟನ್ ಅಳೆಯಿರಿ. 0.97, 0.99, 1.02, 0.98 ಬಂತು ಎಂದುಕೊಳ್ಳಿ. ಸರಾಸರಿ ಅಲ್ಲ, ಅತಿ ಹೆಚ್ಚಿನದನ್ನು ಹಿಡಿಯಬೇಕು. 1.02 ಅಂದರೆ ಎರಡು ತೂತು. ಒಂದು ಪಿಸ್ಟನ್ ಹೆಡ್ಡಿಗೆ ಬಡಿದರೂ ಕೆಲಸ ಕೆಟ್ಟಿತು, ಅಲ್ವಾ?

ಬ್ಲಾಕ್, ಪಿಸ್ಟನ್, ರಾಡ್ ಯಾವುದನ್ನೂ ಮುಟ್ಟದೆ ಬರೀ ಗ್ಯಾಸ್ಕೆಟ್ ಬದಲಿಸುತ್ತಿದ್ದರೆ ಹಳೆಯದರಲ್ಲಿ ಎಷ್ಟು ತೂತಿತ್ತೋ ಅಷ್ಟೇ ತೂತಿನದು ಹಾಕಿ. ಬ್ಲಾಕ್ ಫೇಸಿಂಗ್ ಮಾಡಿಸಿದರೆ ಚಾಚು ಜಾಸ್ತಿ ಆಗಿರುತ್ತದೆ, ಹಳೆಯ ತೂತಿನ ಲೆಕ್ಕ ಅಲ್ಲಿಗೆ ಮುಗಿಯಿತು. ಸುಮ್ನೆ ಸೇಫ್ ಇರಲಿ ಎಂದು ದಪ್ಪನೆಯದು ಹಾಕಿದರೆ ಕಂಪ್ರೆಶನ್ ಇಳಿದು ಚಳಿ ಬೆಳಿಗ್ಗೆ ಬಿಳಿ ಹೊಗೆ ಬಿಡುತ್ತಾ ಕೂರುತ್ತದೆ. ಗ್ಯಾಸ್ಕೆಟ್ ಮೇಲೆ ಟಾಪ್, ಜರ್ಮನಿಯದಾದರೆ ಓಬೆನ್, ಫಿಯಟ್‌ನದಾದರೆ ಆಲ್ಟೊ ಎಂದು ಬರೆದಿದ್ದ ಮುಖ ಮೇಲಕ್ಕೆ.

ಟೈಮಿಂಗ್ ಚುಕ್ಕೆ

ಗೇರ್ ಇರುವ ಇಂಜಿನ್‌ನಲ್ಲಿ ಕ್ರ್ಯಾಂಕ್, ಐಡ್ಲರ್, ಕ್ಯಾಮ್, ಪಂಪ್ ಗೇರ್‌ಗಳ ಮೇಲೆ ಚುಕ್ಕೆ, ಗೀಟು ಅಥವಾ ಅಂಕೆ ಇರುತ್ತದೆ. ಒಂದು ಗೇರಿನ ಗುರುತಿನ ಹಲ್ಲು ಇನ್ನೊಂದರ ಗುರುತಿನ ಸಂದಿಗೆ. ಕೂರಿಸುವುದು ಸುಲಭ. ತೊಂದರೆ ಆಮೇಲೆ. ಕೂರಿಸಿ, ಎರಡು ಸುತ್ತು ತಿರುಗಿಸಿ ನೋಡಿದರೆ ಚುಕ್ಕೆ ಕೂಡಿಲ್ಲ! ಹೊಸ ಹುಡುಗರು ಗಾಬರಿಯಾಗಿ ಮತ್ತೆ ಬಿಚ್ಚುತ್ತಾರೆ.

ಗಾಬರಿ ಬೇಡ, ಅದು ಐಡ್ಲರಿನ ಗುಣ. ಕ್ರ್ಯಾಂಕ್ ಗೇರಿಗೆ 28 ಹಲ್ಲು, ಕ್ಯಾಮಿಗೆ 56, ಮಧ್ಯದ ಐಡ್ಲರಿಗೆ 57 ಎಂದುಕೊಳ್ಳಿ. ಕ್ರ್ಯಾಂಕ್ 114 ಸುತ್ತು ಹೊಡೆದ ಮೇಲೇ ಎಲ್ಲ ಚುಕ್ಕೆ ಮತ್ತೆ ಒಂದೇ ಸಲಕ್ಕೆ ಕೂಡುವುದು. ಕ್ಯಾಮ್ ಮತ್ತು ಕ್ರ್ಯಾಂಕ್ ಸಂಬಂಧ ಸರಿಯಾಗೇ ಇರುತ್ತದೆ, ಐಡ್ಲರ್ ಚುಕ್ಕೆ ಮಾತ್ರ ಬೇರೆ ಕಡೆ ಹೋಗಿರುತ್ತದೆ. ಆದ್ದರಿಂದ ಕೂರಿಸಿದ ತಕ್ಷಣ, ತಿರುಗಿಸುವ ಮುಂಚೆಯೇ ಫೋಟೋ ತೆಗೆದಿಡಿ. ಪರೀಕ್ಷೆಗೆ ಒಂದನೇ ಸಿಲಿಂಡರನ್ನು ಫೈರಿಂಗ್ ಟಿಡಿಸಿಗೆ (ಡೀಸೆಲ್ ಉರಿಯುವ ಹೊತ್ತಿನ ಟಿಡಿಸಿಗೆ) ತನ್ನಿ. ನಾಲ್ಕು ಸಿಲಿಂಡರಿನದಾದರೆ ನಾಲ್ಕನೆಯದರ, ಆರಾದರೆ ಆರನೆಯದರ ವಾಲ್ವ್‌ಗಳು ಆಗ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇರಬೇಕು.

ಪುಲ್ಲಿ ಮೇಲಿನ ಟಿಡಿಸಿ ಗೀಟನ್ನು ಪೂರ್ತಿ ನಂಬಬೇಡಿ. ಡ್ಯಾಂಪರ್ ಪುಲ್ಲಿಯಲ್ಲಿ ಹೊರ ಉಂಗುರ ರಬ್ಬರಿಗೆ ಅಂಟಿರುತ್ತದೆ. ರಬ್ಬರ್ ಹಳೆಯದಾದರೆ ಉಂಗುರ ಜಾರುತ್ತದೆ, ಗೀಟೂ ಜೊತೆಗೇ ಜಾರುತ್ತದೆ. ಫ್ಲೈವೀಲ್ ಗೀಟು ಹೆಚ್ಚು ವಾಸಿ. ಡಯಲ್ ಗೇಜ್ ಎಲ್ಲಕ್ಕಿಂತ ವಾಸಿ.

ಪಂಪ್‌ಸೆಟ್ ಫ್ಲೈವೀಲಿನಲ್ಲಿ ಇಂಜೆಕ್ಷನ್ ಗೀಟು ಅಳಿಸಿಹೋಗಿದ್ದರೆ ನೀವೇ ಹಾಕಬಹುದು. ಕಿರ್ಲೋಸ್ಕರ್ ಟಿವಿ1 ಇಂಜಿನ್‌ಗೆ ಇಂಜೆಕ್ಷನ್ ಟಿಡಿಸಿಗಿಂತ 23 ಡಿಗ್ರಿ ಮುಂಚೆ. ಫ್ಲೈವೀಲ್ ಸುತ್ತ ಟೇಪ್ ಹಿಡಿದು ಸುತ್ತಳತೆ ತೆಗೆಯಿರಿ, 23ರಿಂದ ಗುಣಿಸಿ 360ರಿಂದ ಭಾಗಿಸಿ. ಸುತ್ತಳತೆ 1500 ಮಿ.ಮೀ. ಇದ್ದರೆ ಟಿಡಿಸಿ ಗೀಟಿನಿಂದ 95.8 ಮಿ.ಮೀ. ದೂರಕ್ಕೆ ಗೀಟು ಬರುತ್ತದೆ. ಯಾವ ಕಡೆಗೆ ಎನ್ನುವುದನ್ನು ಫ್ಲೈವೀಲ್ ತಿರುಗುವ ದಿಕ್ಕು ನೋಡಿ ತೀರ್ಮಾನಿಸಿ. ತಿರುಗುವಾಗ ಇಂಜೆಕ್ಷನ್ ಗೀಟು ಮೊದಲು ಬರಬೇಕು, ಟಿಡಿಸಿ ಆಮೇಲೆ.

ಬೋಲ್ಟು, ಇಂಜೆಕ್ಟರ್

ಬೋಲ್ಟ್ ತಲೆಯ ಮೇಲಿನ 10.9ನ್ನು ಹೀಗೆ ಓದಿ. 10 ಅಂದರೆ ಚದರ ಮಿ.ಮೀ.ಗೆ 1000 ನ್ಯೂಟನ್‌ವರೆಗೆ ಎಳೆದರೆ ಹರಿಯುವ ಉಕ್ಕು. .9 ಅಂದರೆ ಅದರ ಶೇ. 90ರಷ್ಟಕ್ಕೆ, 900ಕ್ಕೆ, ಹಿಗ್ಗಲು ಶುರು. 8.8 ಆದರೆ 800 ಮತ್ತು 640. ಹಾರ್ಡ್‌ವೇರ್ ಅಂಗಡಿಯ 8.8 ನೋಡಲು ಥೇಟ್ ಅದೇ ಥರ ಇರುತ್ತದೆ. ಕನ್‌ರಾಡಿಗೆ ಮಾತ್ರ ಅದನ್ನು ಹಾಕಬೇಡಿ.

ಕಾಮನ್ ರೈಲ್ ಇಂಜೆಕ್ಟರ್ ಮೇಲೆ ಕೋಡ್ ಇರುತ್ತದೆ. ರೆನೊದಲ್ಲಿ ಬರುವ ಡೆಲ್ಫಿಯದು 16 ಅಕ್ಷರ, ಡೆನ್ಸೋದ ಹಲವು 30. ಆ ಇಂಜೆಕ್ಟರ್ ಎಷ್ಟು ಡೀಸೆಲ್ ಬಿಡುತ್ತದೆ ಎಂಬ ತಿದ್ದುಪಡಿ ಅದರಲ್ಲಿ ಅಡಗಿದೆ. ಯಾವ ಸಿಲಿಂಡರಿನಿಂದ ಯಾವುದು ಬಂತು ಎಂದು ಬರೆದು ಅಲ್ಲಿಗೇ ಹಾಕಿ. ಅದಲು ಬದಲಾದರೆ ಸ್ಕ್ಯಾನರ್‌ನಲ್ಲಿ ಕೋಡ್ ಹೊಸದಾಗಿ ತುಂಬಬೇಕು.

ನಿಮ್ಮ ಗುರುತೂ ಬಿಡಿ

ನೀವು ಅಳತೆ ಬದಲಿಸಿದ್ದೀರಿ ಅಂದರೆ ಫ್ಯಾಕ್ಟರಿಯ ದಾಖಲೆ ಈಗ ಅರ್ಧ ಸುಳ್ಳು. ಅದನ್ನು ಸರಿಮಾಡಿ ಬಿಡುವುದು ನಿಮ್ಮ ಕೆಲಸ. ನಾನು ಕ್ರ್ಯಾಂಕಿನ ಮುಂದಿನ ವೆಬ್ ಮೇಲೆ, ಜರ್ನಲಿನಿಂದ ದೂರ, ಎನ್‌ಗ್ರೇವರ್‌ನಿಂದ ಬರೆಯುತ್ತೇನೆ: ಮೇನ್ 0.25, ಪಿನ್ 0.50 (ಪಿನ್ ಅಂದರೆ ಬಿಗ್ ಎಂಡ್ ಕೂರುವ ಜರ್ನಲ್). ಬ್ಲಾಕ್ ಪಕ್ಕದಲ್ಲಿ ಹೊರಗಡೆ ಬೋರ್ ಸೈಜ್, ಫೇಸಿಂಗ್‌ನಲ್ಲಿ ಎಷ್ಟು ತೆಗೆದೆವು, ತಿಂಗಳು, ವರ್ಷ. ಹೆಡ್ ಮೇಲೂ ಹಾಗೇ. ಹಳೆಯ ಗ್ರೇಡ್ ಅಂಕೆಯನ್ನು ಉಜ್ಜಿ ತೆಗೆಯುವುದಿಲ್ಲ, ಅದರ ಮೇಲೆ ಒಂದೇ ಒಂದು ತೆಳು ಗೀಟು ಎಳೆಯುತ್ತೇನೆ. ಓದಲೂ ಬರುತ್ತದೆ, ರದ್ದಾಗಿದೆ ಎಂದೂ ತಿಳಿಯುತ್ತದೆ. ಇದೇ ವಿವರವನ್ನು ಬಿಲ್ಲಿನ ಹಿಂದೆಯೂ ಬರೆದು, ಫೋಟೋಗಳನ್ನು ಗಾಡಿ ಮಾಲೀಕರ ವಾಟ್ಸಾಪ್‌ಗೆ ಹಾಕಿಬಿಡುತ್ತೇನೆ.